ಅತ್ತೆಗೆ ಸಿಂಹ ತೋರಿಸಿದ ವಾಲುಸಿಂಬಿ

ಮರ್ಚಿಸನ್ ಅಭಯಾರಣ್ಯದಲ್ಲಿ ಹದಿನಾರು ವರ್ಷಗಳಿಂದ ಪ್ರವಾಸಿಗರ ಗಾಡಿ ಓಡಿಸುತ್ತಿದ್ದ ವಾಲುಸಿಂಬಿಗೆ ಕಾಡಿನಲ್ಲಿ ಹೆದರಿಕೆ ಎಂಬುದಿರಲಿಲ್ಲ. ದೂರದಲ್ಲಿ ಎದ್ದ ದೂಳನ್ನು ನೋಡಿಯೇ ಅದು ಕಾಡೆಮ್ಮೆಯದೋ ಆನೆಯದೋ ಎಂದು ಹೇಳಿಬಿಡುತ್ತಿದ್ದನು. ಜರ್ಮನಿಯವರಿಗೆ, ಜಪಾನಿನವರಿಗೆ, ಒಮ್ಮೆ ನಾಲ್ವರು ಪಾದ್ರಿಗಳಿಗೆ ಸಿಂಹ ತೋರಿಸಿದ್ದನು. ಆನೆಯೊಂದು ಗಾಡಿಯ ಕನ್ನಡಿಯನ್ನು ಕಿತ್ತುಕೊಂಡು ಹೋದಾಗಲೂ ಅವನು ಗೊಣಗಿದ್ದು ಕನ್ನಡಿಯ ಬಗ್ಗೆಯೇ ಹೊರತು ಆನೆಯ ಬಗ್ಗೆ ಅಲ್ಲ. ಇಂಥವನು ಹೆದರುತ್ತಿದ್ದುದು ಮಸಾಕಾ ಊರಿನಲ್ಲಿದ್ದ ತನ್ನ ಅತ್ತೆಗೆ ಮಾತ್ರ.

ಅತ್ತೆ ಕೆಟ್ಟವಳೇನೂ ಅಲ್ಲ. ಅವಳಿ ಹೆಣ್ಣುಮಕ್ಕಳನ್ನು ಹೆತ್ತವಳಾದ್ದರಿಂದ ಊರೆಲ್ಲ ಆಕೆಯನ್ನು ನಾಲೊಂಗೊ ಎಂದು ಗೌರವದಿಂದ ಕರೆಯುತ್ತಿತ್ತು. ಆದರೆ ಅವರ ಬಗಾಂಡ ಜನಾಂಗದಲ್ಲಿ ಅಳಿಯನೂ ಅತ್ತೆಯೂ ಮುಖಾಮುಖಿಯಾಗುವಂತಿಲ್ಲ. ಅಪ್ಪಿತಪ್ಪಿ ಒಬ್ಬರ ಕೈ ಇನ್ನೊಬ್ಬರಿಗೆ ತಾಕಿತೋ, ವಯಸ್ಸಾದ ಮೇಲೆ ಕೈ ನಡುಗುವ ರೋಗ ಬಂತೆಂದೇ ಲೆಕ್ಕ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ವಾಲುಸಿಂಬಿಯು ಅತ್ತೆಯ ಬೆನ್ನನ್ನು ಕೆಲವು ಸಲ, ಹಿಮ್ಮಡಿಯನ್ನು ಒಂದು ಕ್ರಿಸ್‌ಮಸ್ಸಿನಲ್ಲಿ ನೋಡಿದ್ದನು. ಆಕೆ ಬಾಗಿಲ ಮರೆಯಲ್ಲಿ ನಿಂತು ಗೋಡೆಯ ಕ್ಷೇಮವನ್ನು ವಿಚಾರಿಸುವಳು. ಇವನು ಅಂಗಳದಲ್ಲಿ ಕುಳಿತು ಬಾಳೆಗಿಡಕ್ಕೆ ಉತ್ತರ ಹೇಳುವನು. ಹೀಗೆ ಅವರಿಬ್ಬರೂ ಬಹಳ ಅನ್ಯೋನ್ಯವಾಗಿದ್ದರು.

ತೊಂದರೆ ಹುಟ್ಟಿದ್ದು ಚರ್ಚಿನ ತಾಯಂದಿರ ಸಂಘದಲ್ಲಿ. ಅಲ್ಲಿ ಯಾರೋ ಒಬ್ಬಾಕೆ ತನ್ನ ಅಳಿಯ ಫ್ರಿಜ್ಜು ತಂದುಕೊಟ್ಟುದನ್ನು ಮೂರನೆಯ ಭಾನುವಾರವೂ ವರ್ಣಿಸಿದಾಗ ನಾಲೊಂಗೊಗೆ ತಡೆಯಲಾಗಲಿಲ್ಲ. ತನ್ನ ಅಳಿಯ ಶಿಳ್ಳೆ ಹಾಕಿದರೆ ಸಿಂಹವೇ ಬಂದು ನಿಲ್ಲುತ್ತದೆಂದೂ, ಈ ವಾರ ಹೋಗಿ ನೋಡಿಕೊಂಡು ಬಂದು ಎಲ್ಲರಿಗೂ ಹೇಳುವೆನೆಂದೂ ಸಾರಿಬಿಟ್ಟಳು. ಸಿಂಹ ಕಾಣದೆ ಹಿಂದಿರುಗಿದರೆ ಆ ಸಂಘದಲ್ಲಿ ಆಕೆ ತಲೆಯೆತ್ತುವಂತಿರಲಿಲ್ಲ. ವಾಲುಸಿಂಬಿಯ ಮಾನವೂ ಅದರೊಡನೆ ತಳುಕು ಹಾಕಿಕೊಂಡಿತ್ತು.

ಬೇರೆ ಚಾಲಕನ ಗಾಡಿ ಆಕೆಗೆ ಬೇಡ, ಅಳಿಯನೇ ತೋರಿಸಬೇಕು. ಒಂದೇ ಗಾಡಿಯಲ್ಲಿ ಅತ್ತೆ ಅಳಿಯಂದಿರು ಕೂರುವುದು ಹೇಗೆ? ವಾಲುಸಿಂಬಿಯು ಒಂದು ರಾತ್ರಿಯೆಲ್ಲ ಯೋಚಿಸಿ, ಚಾಲಕನ ಆಸನಕ್ಕೂ ಹಿಂದಿನ ಆಸನಗಳಿಗೂ ನಡುವೆ ಕೆಂಪು ದಾಸವಾಳಗಳ ಚಿತ್ತಾರವಿದ್ದ ಹೊದಿಕೆಯೊಂದನ್ನು ಪರದೆಯಂತೆ ಕಟ್ಟಿದನು. ಅತ್ತೆ ಹಿಂದೆ, ತಾನು ಮುಂದೆ, ಮಾತು ದಾಟಿಸಲು ಹೆಂಡತಿ ಬಬಿರ್ಯೆ ತನ್ನ ಪಕ್ಕದಲ್ಲಿ. ಏರ್ಪಾಡು ನೋಡಿ ಅವನಿಗೇ ಹೆಮ್ಮೆಯಾಯಿತು.

ಬೆಳಗ್ಗೆ ಏಳಕ್ಕೆ ಹೊರಟರು. ಎಂಟಕ್ಕೆ ಜಿರಾಫೆಯೊಂದು ಗಾಡಿಯ ನೇರ ಎದುರಿಗೆ ಬಂದು ನಿಂತಿತು. ನಾಲೊಂಗೊಗೆ ಕಂಡದ್ದು ದಾಸವಾಳ. ಮಂಡಿನೋವಿನಿಂದಾಗಿ ಆಕೆ ತೆರೆದ ಚಾವಣಿಯಲ್ಲಿ ಎದ್ದು ನಿಲ್ಲುವಂತಿರಲಿಲ್ಲ. ಹಿಂದಿನ ಕಿಟಕಿಗೆ ಹೆಚ್ಚುವರಿ ಚಕ್ರ ಅಡ್ಡವಾಗಿತ್ತು. ವಾಲುಸಿಂಬಿಯು ಗಾಡಿಯನ್ನು ಅಡ್ಡ ತಿರುಗಿಸುವಷ್ಟರಲ್ಲಿ ಜಿರಾಫೆ ತಾನೂ ತಿರುಗಿ ಬಾಲ ತೋರಿಸಿತು. ಆನೆಗಳದೂ ಅದೇ ಕಥೆ.

"ಬಬಿರ್ಯೆ, ಡ್ರೈವರಪ್ಪನಿಗೆ ಹೇಳೇ," ಎಂದಳು ನಾಲೊಂಗೊ ಹೊದಿಕೆಯ ಹಿಂದಿನಿಂದ. "ಬಾಲ ನೋಡೋದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ನಮ್ಮನೆ ಹಸುಗೂ ಒಂದಿದೆ."

ಆನೆಯ ಬಾಲ ಹಸುವಿನದಕ್ಕಿಂತ ದೊಡ್ಡದೆಂದು ಅಮ್ಮನಿಗೆ ಹೇಳುವಂತೆ ವಾಲುಸಿಂಬಿ ಹೆಂಡತಿಗೆ ಪಿಸುಗುಟ್ಟಿದನು. ಬಬಿರ್ಯೆ ಅದನ್ನು ದಾಟಿಸಲಿಲ್ಲ.

ಮಧ್ಯಾಹ್ನ, ಗಾಡಿಯಿಂದ ಇಳಿಯಲು ಅನುಮತಿಯಿದ್ದ ನೈಲ್ ದಂಡೆಯಲ್ಲಿ ಬಾಳೆಯೆಲೆಯ ಗಂಟು ಬಿಚ್ಚಿ, ಬೇಯಿಸಿ ನುರಿದ ಬಾಳೆಕಾಯನ್ನು ಕಡಲೆಕಾಯಿ ಸಾರಿನೊಂದಿಗೆ ತಿಂದರು. ಅತ್ತೆ ಗಾಡಿಯ ಆ ಬದಿ, ಅಳಿಯ ಈ ಬದಿ. ಬಬಿರ್ಯೆ ಬಡಿಸುತ್ತ ಗಾಡಿಯನ್ನು ಒಂಬತ್ತು ಸಲ ಪ್ರದಕ್ಷಿಣೆ ಹಾಕಿದಳು.

ಸಂಜೆ ಐದೂವರೆ ಆಯಿತು. ಏಳಕ್ಕೆ ಹೆಬ್ಬಾಗಿಲು ಮುಚ್ಚುತ್ತದೆ. ಮರುದಿನ ಬೆಳಗ್ಗೆ ನಾಲೊಂಗೊಗೆ ಊರಿನ ಬಸ್ಸು. ಸಿಂಹ ಮಾತ್ರ ಇನ್ನೂ ಕಂಡಿರಲಿಲ್ಲ. ಆಗ ತಿರುವಿನಾಚೆ, ರಸ್ತೆಯ ನಟ್ಟನಡುವೆ, ತುಂಬು ಕೇಸರದ ಗಂಡು ಸಿಂಹವೊಂದು ಮಲಗಿತ್ತು. ಎರಡು ಬದಿಗೂ ಚರಂಡಿ. ಗಾಡಿ ತಿರುಗಿಸಲು ಗೇಣು ಜಾಗವಿಲ್ಲ. ಕಾಡಿನ ರಸ್ತೆಯಲ್ಲಿ ಕೆಳಗಿಳಿಯುವಂತೆ ಮೊದಲೇ ಇಲ್ಲ. ಹಿಂದಿನಿಂದ ನಾಲೊಂಗೊ, ಯಾಕೆ ನಿಂತಿರೆಂದು ಕೇಳಿದಳು. ಸಿಂಹ ಇದೆ ಎಂದು ಮಗಳು ಹೇಳಿದಾಗ ಆಕೆ, ಹೋಗಲಿ, ಹೇಗಿದೆ ಅಂತ ಬಾಯಲ್ಲೇ ಹೇಳು, ಸಂಘದಲ್ಲಿ ಹಾಗೆಯೇ ಹೇಳುತ್ತೇನೆ ಎಂದಳು.

ಆ ಸಣ್ಣ ದನಿ ವಾಲುಸಿಂಬಿಯ ಎದೆಗೆ ನಾಟಿತು. ಅವನು ಕಣ್ಣು ಮುಚ್ಚಿ ಹೊದಿಕೆಯನ್ನು ಕಿತ್ತು, ತನ್ನ ತಲೆಯ ಮೇಲೆ ಹಾಕಿಕೊಂಡು, ಕತ್ತಿನ ಬಳಿ ಗಂಟು ಹಾಕಿದನು. ಬಬಿರ್ಯೆ ಗೋಡೆಯಂತೆ ನಡುವೆ ಸರಿದಳು. ನಾಲೊಂಗೊ ಉಸ್ಸೆಂದು ಮುಂದಿನ ಆಸನಕ್ಕೆ ಬಂದು ಮಗಳ ಆಚೆ ಬದಿಗೆ ಕುಳಿತಳು.

ಸಿಂಹವನ್ನು ಆಕೆ ಕಣ್ತುಂಬ ನೋಡಿದಳು. ಆಮೇಲೆ ಸಿಂಹವು ಎದ್ದು, ಮೈಮುರಿದು, ರಸ್ತೆಯಲ್ಲಿಯೇ ಮುಂದಕ್ಕೆ ನಡೆಯತೊಡಗಿತು.

"ಹೋಗ್ತಾ ಇದೆ," ಎಂದಳು ನಾಲೊಂಗೊ. "ಬಿಡಿ ಗಾಡಿ. ಮೆತ್ತಗೆ. ಎಡಕ್ಕೆ ಸ್ವಲ್ಪ. ಅಷ್ಟಲ್ಲ, ಚರಂಡಿ ಇದೆ."

ಹನ್ನೊಂದು ವರ್ಷಗಳಲ್ಲಿ ಆಕೆ ಅವನಿಗೇ ಹೇಳಿದ ಮೊದಲ ಮಾತುಗಳು ಇವು. ವಾಲುಸಿಂಬಿಯು ದಾಸವಾಳದೊಳಗಿಂದಲೇ, ಆಗಲಿ ಅಮ್ಮ, ಆಗಲಿ ಅಮ್ಮ ಎನ್ನುತ್ತ, ಸಿಂಹದ ನಡಿಗೆಯ ವೇಗದಲ್ಲಿ ಗಾಡಿ ಬಿಟ್ಟನು.

ರಸ್ತೆ ಅಗಲವಾಗುವಲ್ಲಿ ಎದುರಿನಿಂದ ಅರಣ್ಯ ರಕ್ಷಕ ಒಚಾನನ ಜೀಪು ಬಂದಿತು. ಸಿಂಹವು ಎರಡೂ ಗಾಡಿಗಳನ್ನು ನೋಡಿ ಬೇಸರಗೊಂಡು ಪಕ್ಕದ ಹುಲ್ಲಿನಲ್ಲಿ ಉರುಳಿಕೊಂಡಿತು. ಒಚಾನನು ಜೀಪನ್ನು ತಂದು ಚಾಲಕನ ಕಿಟಕಿಯ ಬಳಿ ನಿಲ್ಲಿಸಿ, ಸ್ಟಿಯರಿಂಗ್ ಹಿಡಿದ ಹೂವಿನ ಮೂಟೆಯನ್ನು ನೋಡಿದನು.

"ಯಾರಯ್ಯ ಒಳಗೆ?"

"ನಾನು ಸಾರ್, ವಾಲುಸಿಂಬಿ. ಅತ್ತೆ ಬಂದಿದಾರೆ, ಅದಕ್ಕೆ."

ಒಚಾನನು ಥಟ್ಟನೆ ಮುಖವನ್ನು ಆಚೆ ತಿರುಗಿಸಿ, ಟೊಪ್ಪಿಗೆ ತೆಗೆದು ಮರವೊಂದಕ್ಕೆ ವಂದಿಸಿದನು. ಅವನಿಗೂ ಅತ್ತೆಯಿದ್ದಳು. ಕಾನೂನಿನಲ್ಲಿ ಕೆಳಗಿಳಿಯಬಾರದು, ಹಾರ್ನು ಹಾಕಬಾರದು ಎಂದಿದೆ. ಮುಸುಕಿನ ಬಗ್ಗೆ ಏನಿದೆಯೆಂದು ಅವನು ಬಹಳ ಯೋಚಿಸಿದನು. ಕೊನೆಗೆ ಮರಕ್ಕೇ ಕೇಳಿದನು:

"ನಿನ್ನ ಹೆಂಡ್ತಿಗೆ ಗಾಡಿ ಓಡಿಸೋಕೆ ಬರಲ್ವಾ?"

"ಬರತ್ತೆ ಸಾರ್. ನಾನೇ ಕಲಿಸಿದ್ದು."

 ಗಾಡಿಯೊಳಗಿದ್ದ ಮೂವರಿಗೂ ಬೆಳಗಿನ ಜಿರಾಫೆ ನೆನಪಾಗಿರಬೇಕು.

"ಬೆಳಗ್ಗೆಯಿಂದ ನನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಬಬಿರ್ಯೆ.

ವಾಲುಸಿಂಬಿಯು ಮುಸುಕಿನಲ್ಲಿಯೇ ತಡವರಿಸಿಕೊಂಡು, ಊಟದ ಬುಟ್ಟಿಗೆ ಕಾಲಿಟ್ಟು, ಹಿಂದಿನ ಆಸನಕ್ಕೆ ದಾಟಿದನು. ಬಬಿರ್ಯೆ ಸ್ಟಿಯರಿಂಗ್ ಹಿಡಿದಳು. ಸಿಂಹವು ಎದ್ದು, ಬಂದು, ಗಾಡಿಯ ಮುಂಭಾಗಕ್ಕೆ ಕೆನ್ನೆಯುಜ್ಜಿ, ನಾಲೊಂಗೊಳ ಕಡೆಗೆ ದೊಡ್ಡದೊಂದು ಆಕಳಿಕೆ ಬಿಟ್ಟು ಹುಲ್ಲಿನೊಳಗೆ ಹೋಯಿತು. ಆಕೆ ಅದರ ಹಲ್ಲುಗಳನ್ನು ಎಣಿಸುವಷ್ಟು ಹತ್ತಿರದಿಂದ ನೋಡಿದಳು.

ಸ್ವಲ್ಪ ಹೊತ್ತಿನ ಮೇಲೆ, ಹಿಂದಕ್ಕೆ ತಿರುಗದೆಯೇ, ಮೆಲ್ಲಗೆ ಕೇಳಿದಳು:

"ಅಳಿಯಂದ್ರೇ, ನಿಮಗೂ ಕಾಣಿಸ್ತಾ?"

"ಚೆನ್ನಾಗಿ ಕಾಣಿಸ್ತು ಅಮ್ಮ," ಎಂದನು ವಾಲುಸಿಂಬಿ, ದಾಸವಾಳಗಳನ್ನು ನೋಡುತ್ತ.