ಕಾನ್ ಅಂದರೆ ಕಣ್ಣಲ್ಲ

"ಅಜ್ಜೀ, ಮೈನೇ ಬೋಲಾ ಥಾ ನಾ, ಬಡೇ ಬಡೇ ಕಾನ್!"

ಏಳು ವರ್ಷದ ಮೊಮ್ಮಗಳು ನಾನು ಹೆಣೆದ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಎರಡೂ ಕಿವಿಗಳನ್ನು ಹಿಡಿದೆಳೆದು ತೋರಿಸಿದಳು. ದೊಡ್ಡ ದೊಡ್ಡ ಕಾನ್ ಅಂತ ಹೇಳಿದ್ದೆನಲ್ಲ ಎಂಬುದು ಅವಳ ದೂರು. ಹಿಂದಿಯಲ್ಲಿ ಕಾನ್ ಅಂದರೆ ಕಿವಿ ಎಂದು ನನಗೆ ತಿಳಿದದ್ದೇ ಆಗ. ಮೈಸೂರಿನಿಂದ ಮುಂಬಯಿ ಪಕ್ಕದ ಠಾಣೆಯ ಕೋಪರಿಗೆ ಬಂದು ವರ್ಷವಾಗಿದ್ದರೂ ನನ್ನ ಹಿಂದಿ ತರಕಾರಿ ಚೌಕಾಸಿಯನ್ನು ದಾಟಿಲ್ಲ. ನವಿ ಮುಂಬಯಿಯ ಸೀವುಡ್ಸ್‌ನಲ್ಲಿರುವ ಇವಳಿಗೋ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಹಿಂದಿ.

ತನಗಿಷ್ಟವಾದ ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ, ನರಿಮರಿಯನ್ನು ಕ್ರೋಶಾ ಕೊಕ್ಕೆಕಡ್ಡಿಯಲ್ಲಿ ಹೆಣೆದುಕೊಡು ಎಂದು ಫೋನಿನಲ್ಲಿ ಕೇಳಿದಾಗ ಅವಳು ಹೇಳಿದ "ಕಾನ್" ನನಗೆ "ಕಣ್" ಎಂದು ಕೇಳಿಸಿತ್ತು. ಅಂತೂ ಒಂದು ಕನ್ನಡ ಪದ ಆಡಿದಳಲ್ಲ ಎಂದು ಹಿಗ್ಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪ್ಲಾಸ್ಟಿಕ್ ಕಣ್ಣುಗಳನ್ನೇ ತಂದು ಕೂರಿಸಿದ್ದೆ. ಕಿವಿಗಳು ಮಾತ್ರ ಹುಣಿಸೆಬೀಜದಷ್ಟು. ಒಳಗಿನಿಂದ ಬಿಲ್ಲೆ ಒತ್ತಿ ಕೂರಿಸಿದ ಆ ಕಣ್ಣುಗಳನ್ನು ಮತ್ತೆ ಕೀಳಲು ಬರುವುದಿಲ್ಲ. ತಲೆಗೆ ಹತ್ತಿ ತುಂಬಿ ಮುಚ್ಚಿಯೂ ಆಗಿತ್ತು.

"ಕಣ್ಣು ಅಂದ್ಕೊಂಡೆ ಕಣೇ ಪುಟ್ಟಿ," ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗೊಂಬೆಯ ಮುಖವನ್ನು ಇನ್ನೊಮ್ಮೆ ನೋಡಿ ಬಿದ್ದು ಬಿದ್ದು ನಕ್ಕಳು.

ಅಂದೇ ಕೂತು ದೊಡ್ಡ ಕಿವಿಗಳನ್ನು ಹೆಣೆದು ಹೊಲಿದುಕೊಟ್ಟೆ. ಕಣ್ಣುಗಳು ಹಾಗೇ ಉಳಿದವು. ಅನಿಮೆಯಲ್ಲಿ ಆ ನರಿಗೆ ಏನೋ ಜಪಾನಿ ಹೆಸರಿದೆಯಂತೆ, ಅವಳು ಇಟ್ಟಿರುವ ಹೆಸರು ಮಾತ್ರ ಕಣ್ಣು. ಈಗ ಫೋನ್ ಎತ್ತಿದರೆ ಅವಳ ಮೊದಲ ವರದಿ: "ಅಜ್ಜೀ, ಕಣ್ಣು ಸೋ ಗಯಾ." ಕಣ್ಣು ಮಲಗಿತಂತೆ. ಒಂದು ಪದವಂತೂ ಕನ್ನಡದ್ದು.