ಮುಸ್ಸಂಜೆಗೆ ತೆಗೆದಿಡುತ್ತಿದ್ದ ಪ್ಲಗ್ಗು

ಕಳೆದ ವಾರ ರೂಟರನ್ನು ಒರೆಸೋಣವೆಂದು ಮೊಳೆಯಿಂದ ಇಳಿಸಿದರೆ ಅದರ ಬೆನ್ನಿಗೆ ಹಲ್ಲಿಯ ಮೊಟ್ಟೆಗಳು ಅಂಟಿಕೊಂಡಿದ್ದವು. ಹಗಲೂ ರಾತ್ರಿ ಬೆಚ್ಚಗಿರುವ ಜಾಗವಲ್ಲವೇ, ಹಲ್ಲಿಗೂ ಅದು ಗೊತ್ತು. ಮೆಲ್ಲನೆ ಬಿಡಿಸಿ ಬಟ್ಟೆಯಾಡಿಸಿದಾಗ ಬಿಸಿ ಪ್ಲಾಸ್ಟಿಕ್ಕೂ ಹಳೆಯ ಧೂಳೂ ಬೆರೆತ ಒಂದು ವಾಸನೆ ಬಂತು. ಅದೇ ವಾಸನೆ ನಮ್ಮ ನರ್ಸಮ್ಮನ ಮನೆಮುಂದಿನ ಸಿಟೌಟಿನಲ್ಲಿ ಇರುತ್ತಿತ್ತು. ಬಟ್ಟೆ ಕೈಯಲ್ಲೇ ಉಳಿಯಿತು, ನಾನು ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕುಳಿತೆ.

ಸರಕಾರಿ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಪೆರಾಬೆಯ ನಮ್ಮ ರಸ್ತೆಬದಿಯಲ್ಲಿ ಸಣ್ಣದೊಂದು ಟೆರೇಸು ಮನೆ ಕಟ್ಟಿಸಿಕೊಂಡಿದ್ದರು. ಮದುವೆ ಆದವರಲ್ಲ. ಈ ಕಡೆಯ ಅರ್ಧಕ್ಕರ್ಧ ಮಕ್ಕಳಿಗೆ ಮೊದಲ ಚುಚ್ಚುಮದ್ದು ಹಾಕಿದ ಕೈ ಅವರದು. ಮಗು ಮಲಗಿದೆ, ಮಗುವಿಗೆ ಶೀತ ಎಂದು ನೆಪ ಹೇಳುವ ತಾಯಂದಿರ ಮನೆಗೆ ಐಸಿನ ಪೆಟ್ಟಿಗೆ ಹೊತ್ತು ಮತ್ತೆ ಬರುತ್ತಿದ್ದರು. "ಒಂದು ಡೋಸ್ ತಪ್ಪಿಸಿದ್ರೆ ನಿನಗೂ ನಿನ್ನ ಗಂಡನಿಗೂ ಸೇರಿಸಿ ಚುಚ್ಚಿ ಹೋಗುದು ನಾನು" ಎಂದು ನನಗೇ ಒಮ್ಮೆ ಗದರಿಸಿದ್ದುಂಟು. ನನ್ನ ಗಂಡ ಅಂದಿನಿಂದ ಅವರನ್ನು ಕಂಡರೆ ಹಿತ್ತಲಿಗೆ ಹೋಗುತ್ತಿದ್ದರು.

ಕೊರೊನಾ ಬಂದು ಶಾಲೆ ಮುಚ್ಚಿ, ಪಾಠವೆಲ್ಲ ಮೊಬೈಲಿಗೆ ಬಂದಾಗ ನಮ್ಮಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡದ ತಲೆಗೆ ಹೋಗಿ ಪಾಠ ಕೇಳಬೇಕಿತ್ತು. ಕೇಬಲಿನವರು ಇಂಟರ್‌ನೆಟ್ ತಂತಿ ಎಳೆದು ತಂದಾಗ ನಮ್ಮ ಸಾಲಿನಲ್ಲಿ ಮೊದಲು ಹಾಕಿಸಿಕೊಂಡವರು ನರ್ಸಮ್ಮ. ಹಾಕಿಸಿದ ಮರುದಿನವೇ ಸಿಟೌಟಿನಲ್ಲಿ ಚಾಪೆ ಹಾಸಿ, ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಕಿಟಕಿಗೆ ಅಂಟಿಸಿದರು. ಮಕ್ಕಳು ಮೂಗಿಗೆ ಮಾಸ್ಕ್ ಏರಿಸಿ ದೂರ ದೂರ ಕೂರುತ್ತಿದ್ದರು. ಮಾಸ್ಕ್ ಗಲ್ಲಕ್ಕೆ ಇಳಿದರೆ ಒಳಗಿನಿಂದಲೇ ಒಂದು ಕೂಗು.

ಬಂದವರಲ್ಲಿ ಕೆಳಗಿನ ಮನೆಯ ಹುಡುಗಿಯೊಬ್ಬಳಿದ್ದಳು. ತಾಯಿ ಬೀಡಿ ಕಟ್ಟಿ ಓದಿಸುತ್ತಿದ್ದರು. ಪುತ್ತೂರಿನಲ್ಲಿ ಕಂಪ್ಯೂಟರ್ ಡಿಗ್ರಿ ಮಾಡುತ್ತಿದ್ದ ಅವಳು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು. ನರ್ಸಮ್ಮ ಅವಳಿಗೆ ಮಾತ್ರ ಒಳಗಿನಿಂದ ಕುರ್ಚಿ ತಂದುಕೊಡುತ್ತಿದ್ದರು, ಚಾ ಕುಡಿಸದೆ ಕಳುಹಿಸುತ್ತಿರಲಿಲ್ಲ. ಅವಳು ಇವರಿಗೆ ಪೆನ್ಶನ್ನಿನ ಕೆಲಸವನ್ನೆಲ್ಲ ಮೊಬೈಲಿನಲ್ಲಿ ಮಾಡಿಕೊಡುತ್ತಿದ್ದಳು. ಇಬ್ಬರೂ ಕುಳಿತು ನಗುವುದು ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು...

ಕತ್ತಲಾಗುವ ಹೊತ್ತಿಗೆ ನರ್ಸಮ್ಮ ರೂಟರಿನ ಪ್ಲಗ್ಗು ತೆಗೆದಿಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ಹಾಗೆಯೇ. ಮಳೆಗಾಲಕ್ಕೆ ಮೊದಲು, ಮತ್ತೆ ಮಳೆ ಬಿಡುವ ಕಾಲದಲ್ಲಿ, ಇಲ್ಲಿನ ಸಂಜೆಯ ಸಿಡಿಲು ಎಷ್ಟು ಟಿವಿ, ಎಷ್ಟು ಪಂಪು ತಿಂದಿದೆಯೋ ಲೆಕ್ಕವಿಲ್ಲ. ದೂರದಲ್ಲಿ ಗುಡುಗಿದರೆ ಸಾಕು, ಕೈ ತಾನಾಗಿ ಪ್ಲಗ್ಗಿಗೆ ಹೋಗುತ್ತದೆ. ನರ್ಸಮ್ಮ ಮಾತ್ರ ಕಾಲ ನೋಡುತ್ತಿರಲಿಲ್ಲ, ವರ್ಷವಿಡೀ ತೆಗೆಯುವುದೇ. ಅದನ್ನು ನಾವು ಜಾಗ್ರತೆ ಎಂದೇ ತಿಳಿದಿದ್ದೆವು.

ಒಂದು ಬೆಳಿಗ್ಗೆ ಠಾಣೆಯಿಂದ ಇಬ್ಬರು ಬಂದರು. ಎಲ್ಲಿಯದೋ ದೂರದ ಊರಿನವರಿಗೆ ಬ್ಯಾಂಕಿನ ಹೆಸರಿನಲ್ಲಿ ಮೋಸದ ಸಂದೇಶಗಳು ಹೋಗಿದ್ದವಂತೆ, ಅವು ಹೊರಟದ್ದು ನರ್ಸಮ್ಮನ ಹೆಸರಿನ ಕನೆಕ್ಷನ್ನಿನಿಂದಂತೆ. ಬಂದವರು ಮರ್ಯಾದೆಯಿಂದಲೇ ಕೇಳಿದರು. ಯಾರು ಯಾರು ಬರುತ್ತಾರೆ, ಕಂಪ್ಯೂಟರ್ ಗೊತ್ತಿರುವವರು ಯಾರು? ನರ್ಸಮ್ಮ "ಮಕ್ಕಳು ಬರ್ತಾರೆ. ಎಲ್ಲ ನನ್ನ ಮಕ್ಕಳೇ" ಎಂದರಂತೆ. ಯಾರ ಹೆಸರನ್ನೂ ಕೊಡಲಿಲ್ಲ.

ಅವರು ಕೊಡದಿದ್ದರೇನು, ಊರು ಕೊಟ್ಟಿತು. ಹಾಲಿನ ಡಿಪೋದಲ್ಲಿ ಅದೇ ಮಾತು. "ಅವಳಲ್ಲದೆ ಮತ್ತೆ ಯಾರಿಗೆ ಅದೆಲ್ಲ ಬರುದು ಮಾರಾಯ್ತಿ? ಉಳಿದವು ಆಟ ಆಡುವ ಮಕ್ಕಳು." ಅವಳ ತಾಯಿ ಬೀಡಿ ಕೊಡಲು ಹೋದಲ್ಲಿಯೂ ಯಾರೋ ಅಂದರು. ಕೆಲವು ತಾಯಂದಿರು ಮಕ್ಕಳನ್ನು ಕಳುಹಿಸುವುದನ್ನೇ ನಿಲ್ಲಿಸಿದರು.

ನರ್ಸಮ್ಮ ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತೇನೋ. ಕೇಬಲಿನವರಿಗೆ ಫೋನ್ ಮಾಡಿ ಪಾಸ್‌ವರ್ಡ್ ಬದಲಿಸುವುದು ಹೇಗೆಂದು ತಿಳಿದುಕೊಂಡು ಬದಲಿಸಿದರು, ಕಿಟಕಿಯ ಚೀಟಿ ಕಿತ್ತರು. ಸಣ್ಣ ಮಕ್ಕಳು ಬಂದಾಗ ಅವರ ಮೊಬೈಲನ್ನು ತಾವೇ ತೆಗೆದುಕೊಂಡು ಹೊಸ ಪಾಸ್‌ವರ್ಡ್ ಒತ್ತಿ ಕೊಟ್ಟರು.

ಆ ದಿನ ನಾನು ಕರಿಬೇವು ಕೇಳಲು ಹೋಗಿದ್ದೆ. ಹುಡುಗಿ ಎಂದಿನಂತೆ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ಮೊಬೈಲ್ ನೋಡಿದಳು, ಮತ್ತೆ ನೋಡಿದಳು. ಕಿಟಕಿಯಲ್ಲಿ ಚೀಟಿ ಇದ್ದ ಜಾಗ ನೋಡಿದಳು, ಅಂಟಿನ ಗುರುತು ಮಾತ್ರ ಇತ್ತು. ಪಕ್ಕದ ಸಣ್ಣವಳ ಮೊಬೈಲಿನಲ್ಲಿ ಟೀಚರು ಮಗ್ಗಿ ಹೇಳಿಸುವುದು ಕೇಳುತ್ತಿತ್ತು. ನರ್ಸಮ್ಮ ಒಳಗಿನಿಂದ ಕುರ್ಚಿ ತರಲಿಲ್ಲ. ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ತೊಳೆಯುತ್ತಿದ್ದರು. ಹುಡುಗಿ ಸಣ್ಣವಳ ಪಾಠ ಮುಗಿಯುವವರೆಗೂ ಕುಳಿತು, ಎದ್ದು, ಚಪ್ಪಲಿ ಮೆಟ್ಟಿ ಹೋದಳು. ಮರುದಿನದಿಂದ ಗುಡ್ಡದ ತಲೆಯಲ್ಲಿ ಅವಳ ಕೊಡೆ ಕಾಣುತ್ತಿತ್ತು.

ಮುಂದೆ ಶಾಲೆಗಳು ತೆರೆದವು, ಸಿಟೌಟ್ ಖಾಲಿಯಾಯಿತು. ಆದರೂ ಠಾಣೆಯವರು ಮತ್ತೆ ಬಂದರು. ಸಂದೇಶಗಳು ಇನ್ನೂ ಹೋಗುತ್ತಲೇ ಇದ್ದವಂತೆ. ಈಗ ಮನೆಯಲ್ಲಿ ನರ್ಸಮ್ಮನ ಹೊರತು ಯಾರೂ ಇಲ್ಲ. ಮರುದಿನ ಕೇಬಲಿನವರೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ಒಬ್ಬರೇ ಇರಲು ಹೆದರಿಕೆಯೆಂದು ನರ್ಸಮ್ಮ ನನ್ನನ್ನೂ ಕರೆದಿದ್ದರು.

ಅವರು ರೂಟರನ್ನು ಬಹಳ ಹೊತ್ತು ನೋಡಿ, "ಪೆಟ್ಟಿಗೆ ಒಳಗೆಯೇ ಬೇರೆ ಯಾರೋ ಸೇರಿಕೊಂಡಿದ್ದಾರೆ" ಎಂದರು. ಮಕ್ಕಳ ಕೆಲಸ ಅಲ್ಲ, ಎಲ್ಲಿಯೋ ಕುಳಿತವರು ರೂಟರಿನ ತಂತ್ರಾಂಶದ ಒಂದು ತೂತಿನಿಂದ ನುಗ್ಗಿದ್ದಾರೆ, ಪಾಸ್‌ವರ್ಡ್ ಬದಲಿಸಿದರೂ ಅವರಿಗೇನೂ ತಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಆ ತೂತು ಮುಚ್ಚುವ ಅಪ್‌ಡೇಟನ್ನು ಕಂಪೆನಿಯವರು ಎಂದೋ ಕಳುಹಿಸಿದ್ದರಂತೆ.

"ಕಳಿಸಿದ್ರೆ ನನಗೆ ಯಾಕೆ ಬರ್ಲಿಲ್ಲ?" ನರ್ಸಮ್ಮ ಕೇಳಿದರು.

"ಅದು ಬರುದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ನೀವು ರಾತ್ರಿ ಪ್ಲಗ್ ತೆಗೀತೀರಾ?"

ನರ್ಸಮ್ಮ ನನ್ನ ಮುಖ ನೋಡಿದರು.

"ನೀವು ಮಕ್ಕಳಿಗೆ ಹಾಕ್ತಿದ್ದ ಡೋಸ್ ಉಂಟಲ್ಲ, ಹಾಗೇ ಇದು. ಬಾಗಿಲಿಗೆ ಬಂದು ವಾಪಸ್ ಹೋಗಿದೆ. ನಾನೂ ಹೇಳ್ಲಿಲ್ಲ ಬಿಡಿ, ನನಗೂ ಇದು ಹೊಳೆದದ್ದೇ ಈಗ."

ಎಲ್ಲವನ್ನೂ ಅಳಿಸಿ ಹೊಸ ಅಪ್‌ಡೇಟ್ ಏರಿಸತೊಡಗಿದರು. ರೂಟರಿನ ದೀಪ ಮಿನುಗುತ್ತಿತ್ತು. ಅಷ್ಟರಲ್ಲಿ ಘಟ್ಟದ ಕಡೆಯಿಂದ ಗುಡುಗು ಕೇಳಿತು. ನರ್ಸಮ್ಮ ಎದ್ದರು, ಕೈ ಪ್ಲಗ್ಗಿನ ಮೇಲಿತ್ತು.

"ಮುಟ್ಬೇಡಿ ನರ್ಸಮ್ಮ. ಅರ್ಧದಲ್ಲಿ ತೆಗೆದ್ರೆ ಪೆಟ್ಟಿಗೆ ಸತ್ತೇಹೋಗ್ತದೆ."

ಅವರು ಕೈ ಹಿಂದೆ ತೆಗೆದುಕೊಂಡು, ಎರಡೂ ಅಂಗೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕುಳಿತರು. ಗುಡುಗು ಹತ್ತಿರಾಗುತ್ತಿತ್ತು. "ಬಾಗಿಲು ತೆಗೀದವರಿಗೆ ಎಷ್ಟು ಬೈದಿದ್ದೇನೆ ನಾನು..." ಎಂದರು. ಅದು ನಮಗೆ ಹೇಳಿದ್ದಲ್ಲ.

ಅಪ್‌ಡೇಟ್ ಮುಗಿಯಿತು. ಕೇಬಲಿನವರು ಬರೆದುಕೊಟ್ಟ ಮೇಲೆ ಠಾಣೆಯಲ್ಲೂ ವಿಷಯ ತಣ್ಣಗಾಯಿತು. ಮಳೆ ನಿಂತದ್ದೇ ನರ್ಸಮ್ಮ ಕೆಳಗಿನ ಮನೆಗೆ ಹೋದರು. ಹಿಂದಿರುಗಿ ಬಂದಾಗ ನಾನು ಗೇಟಿನ ಹತ್ತಿರವೇ ಇದ್ದೆ.

"ಎಂತ ಹೇಳಿದಳು?"

"ಪರವಾಗಿಲ್ಲ ಅಂದಳು. ಚಾ ಕೊಟ್ಟಳು." ಗೇಟಿನ ಕೊಂಡಿ ಹಾಕುತ್ತಾ, "ಕುರ್ಚಿ ಒರೆಸಿ ಕೂರಿಸಿದಳು, ನೆಂಟರನ್ನು ಕೂರಿಸುವ ಹಾಗೆ" ಎಂದರು.

ಆಮೇಲೆ ಅವಳು ಆ ಸಿಟೌಟ್ ಹತ್ತಲಿಲ್ಲ. ರಸ್ತೆಯಲ್ಲಿ ಸಿಕ್ಕರೆ ನಗುತ್ತಿದ್ದಳು, ಆರೋಗ್ಯ ವಿಚಾರಿಸುತ್ತಿದ್ದಳು. ನರ್ಸಮ್ಮ ಊರಿಗೆಲ್ಲ ತಾವೇ ಹೋಗಿ ತಪ್ಪು ಯಾರದೆಂದು ಹೇಳಿ ಬಂದರು. ಡಿಪೋದಲ್ಲಿ ಮಾತಾಡಿದವರು "ಹೌದಾ" ಎಂದು ಹಾಲು ಅಳೆಸಿಕೊಂಡು ಹೋದರು. ಪೆನ್ಶನ್ನಿನ ಕೆಲಸಕ್ಕೆ ನರ್ಸಮ್ಮ ಬಸ್ಸು ಹತ್ತಿ ಕಡಬಕ್ಕೆ ಹೋಗತೊಡಗಿದರು. ರಾತ್ರಿ ಪ್ಲಗ್ಗು ತೆಗೆಯುವುದನ್ನು ಬಿಟ್ಟರು. ಸಿಡಿಲಿನ ರಾತ್ರಿಗಳಲ್ಲಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು... ನಿದ್ದೆ ಬಾರದ್ದು ಸಿಡಿಲಿಗೆ ಮಾತ್ರವೋ ಏನೋ, ನಾನು ಕೇಳಲಿಲ್ಲ. ಹೋದ ವರ್ಷ ಸಕ್ಕರೆ ಕಾಯಿಲೆ ಏರಿ, ಪುತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮೊನ್ನೆ ಪುತ್ತೂರು ಬಸ್ಸಿನಲ್ಲಿ ಆ ಹುಡುಗಿ ಸಿಕ್ಕಿದಳು. ಈಗ ಅಲ್ಲಿಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ. ಜಾಗ ಮಾಡಿಕೊಟ್ಟಳು. ರೂಟರ್ ಒರೆಸಿದ್ದು, ಹಲ್ಲಿಮೊಟ್ಟೆ ಎಲ್ಲ ಹೇಳಿದೆ, ನಕ್ಕಳು. ಅಪ್‌ಡೇಟ್ ಆಗಿದೆಯಾ ಎಂದು ಹೇಗೆ ನೋಡುವುದೆಂದು ನನ್ನ ಮೊಬೈಲಿನಲ್ಲೇ ತೋರಿಸಿಕೊಟ್ಟಳು. ನನಗೆ ತಡೆಯಲಾಗಲಿಲ್ಲ. "ನರ್ಸಮ್ಮ ಕೊನೆಯವರೆಗೆ ನಿನ್ನದೇ ಹೇಳ್ತಿದ್ದರು" ಎಂದೆ.

ಅವಳು ಕಿಟಕಿಯ ಹೊರಗೆ ನೋಡಿದಳು. "ಪಾಸ್‌ವರ್ಡ್ ಬದಲಿಸಿದ್ದು ಸರಿಯೇ ಆಂಟಿ. ನಾನಾದ್ರೂ ಅದನ್ನೇ ಮಾಡ್ತಿದ್ದೆ. ಆದ್ರೆ ನೀನು ಮಾಡಿದ್ದಾ ಅಂತ ಒಂದು ಮಾತು ಕೇಳಬಹುದಿತ್ತು. ಅಲ್ಲ ಅಂತ ಹೇಳ್ಲಿಕ್ಕೆ ಆ ದಿನ ನಾನು ಅಷ್ಟು ಹೊತ್ತು ಕೂತಿದ್ದೆ."

ನಾನು ಅವಳ ಕೈ ಹಿಡಿದುಕೊಂಡೆ. ಈ ಮಾತು ಕೇಳಿಸಿಕೊಳ್ಳಬೇಕಾದವರು ಈಗ ಇಲ್ಲ. ಬಸ್ಸು ಸ್ಟ್ಯಾಂಡಿಗೆ ಬಂತು, ಲ್ಯಾಬಿಗೆ ಹೊತ್ತಾಯಿತೆಂದು ಅವಳು ನನಗಿಂತ ಮೊದಲು ಇಳಿದು ಹೋದಳು.