ಗೇರ್‌ಬಾಕ್ಸಿನ ಕೆಂಪು ಹುರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನೆನಪನ್ನೂ ನಾನು ಅಷ್ಟಾಗಿ ನಂಬುವವನಲ್ಲ. ಹರಿದ ಕಡೆ ಅದು ತಾನೇ ತೇಪೆ ಹಾಕಿಕೊಂಡುಬಿಡುತ್ತದೆ. ಹಾಗಾಗಿ ನೀವು ಇದನ್ನು ನಂಬಲೇಬೇಕೆಂದು ನಾನು ಕೇಳುವುದಿಲ್ಲ.

ಎಪ್ಪತ್ತರ ದಶಕದ ಆರಂಭ. ದೊಡ್ಡಬಳ್ಳಾಪುರದ ನನ್ನ ಗೆಳೆಯ ನರಸಿಂಹನಿಗೆ ನಾಲ್ಕು ಮಗ್ಗಗಳೂ ಒಂದು ಹಳೆಯ ಕಪ್ಪು ಕಾರೂ ಇದ್ದವು. ಮಗ್ಗಗಳು ಓಡುತ್ತಿದ್ದವು. ಕಾರು ಮಾತ್ರ ಎರಡನೇ ಗೇರಿನಲ್ಲಿ ನಿಲ್ಲುತ್ತಿರಲಿಲ್ಲ, ಏರು ಬಂದೊಡನೆ ಗೇರು ಕಳಚಿಕೊಳ್ಳುತ್ತಿತ್ತು. ಆ ಭಾನುವಾರ ಹತ್ತಿರದ ವಿಜಯಪುರದಲ್ಲಿ ಅವನ ಹೆಂಡತಿ ಕಮಲಳ ತಂಗಿಯ ನಿಶ್ಚಿತಾರ್ಥ. ಕಾರಿನಲ್ಲೇ ಬರುತ್ತೇವೆಂದು ಅವಳು ತವರಿಗೆಲ್ಲ ಸಾರಿಬಿಟ್ಟಿದ್ದಳು. ಅವಳ ಅಪ್ಪ, "ಎತ್ತು ಕಟ್ಕೊಂಡು ಬರ್ತೀರೇನಮ್ಮ?" ಎಂದಿದ್ದರಂತೆ.

ಶುಕ್ರವಾರ ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದೆವು. ಅದರ ಒಳಗನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು. ನರಸಿಂಹನದು ನೇಕಾರನ ಬುದ್ಧಿ. ಹೊರಬಂದ ಹಲ್ಲಿನ ಚಕ್ರ, ಬಳೆ, ವಾಷರುಗಳನ್ನು ಬಂದ ಕ್ರಮದಲ್ಲೇ ಒಂದು ಕೆಂಪು ಹುರಿಗೆ ಪೋಣಿಸಿ, ತುದಿಗಳನ್ನು ಗಂಟು ಹಾಕಿ ಮಾಲೆ ಮಾಡಿದ.

"ಕೊನೇದ್ರಿಂದ ಬಿಚ್ಕೊಂಡು ಬಂದ್ರಾಯ್ತು ಕಣೋ, ಯಾಕೆ ತಲೆ ಕೆಡಿಸ್ಕೊಂತೀಯ?" ಎಂದ.

ಸವೆದ ಒಂದು ಚಕ್ರವನ್ನು ಪಕ್ಕಕ್ಕಿಟ್ಟು, ಅದರ ಜಾಗ ತಿಳಿಯಲೆಂದು ನನ್ನ ಪಟ್ಟೆ ಅಂಗಿಯ ತೋಳಿನಿಂದ ಚೂರು ಹರಿದು ಹುರಿಗೆ ಅಲ್ಲಿ ಕಟ್ಟಿದೆ. ಶನಿವಾರ ಬೆಳಿಗ್ಗೆ ಇಬ್ಬರೂ ಬೆಂಗಳೂರಿಗೆ ಹೋಗಿ ಬದಲಿ ಚಕ್ರ ತಂದೆವು. ಮಧ್ಯಾಹ್ನ ಬಂದಾಗ ಮಾಲೆ ಚಾಪೆಯ ಮೇಲೆ ಹಾಗೇ ಇತ್ತು. ಗಂಟು ಬಿಚ್ಚಿ, ಒಂದೊಂದೇ ತೆಗೆದು ಜೋಡಿಸಿದೆವು. ಸಂಜೆಗೆ ಕಾರು ಎರಡನೇ ಗೇರಿನಲ್ಲಿ ಏರು ಹತ್ತಿತು. ನರಸಿಂಹ ರಸ್ತೆಯಲ್ಲೇ ಕುಣಿದ.

ಮಾರನೆಯ ದಿನ ವಿಜಯಪುರದಲ್ಲಿ ಕಮಲಳ ಅಪ್ಪ ಕಾರನ್ನು ಸುತ್ತುಹಾಕಿ ನೋಡಿದರು. "ಎತ್ತು ಎಲ್ಲಮ್ಮ?"

"ಬಾನೆಟ್ ಒಳಗವೆ. ಹುಲ್ಲು ಹಾಕ್ಸಿ, ದಣಿದವೆ," ಎಂದಳು ಕಮಲ. ಬೀದಿಗೆ ಬೀದಿಯೇ ನಕ್ಕಿತು.

ಊಟವಾದ ಮೇಲೆ ಅವಳು ನನ್ನನ್ನು ಮೆಲ್ಲನೆ ಕೇಳಿದಳು: "ಅಣ್ಣಾ, ಹುರಿ ಇಲ್ದೆ ಹೆಂಗೆ ಜೋಡಿಸಿದ್ರಿ?"

"ಹುರಿ ಇತ್ತಲ್ಲಮ್ಮ."

"ಎಲ್ಲಿತ್ತು? ನಿನ್ನೆ ಬೆಳಿಗ್ಗೆ ಕಸ ಗುಡಿಸ್ತಿದ್ದಾಗ ಸೆರಗು ಎರಡು ಚಕ್ರದ ನಡುವೆ ಸಿಕ್ಕಾಕ್ಕೊಂಡ್ತು. ಹುರಿ ಕತ್ತರಿಸ್ಬಿಟ್ಟೆ. ಎಲ್ಲಾ ಉರುಳೋಯ್ತು. ಬೋಗುಣಿಗೆ ತುಂಬಿಟ್ಟು, ಇನ್ನು ಕಾರು ಹೊರಡಲ್ಲ ಅಂತ ಒಳಗೆ ಅಳ್ತಾ ಕೂತಿದ್ದೆ. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಸೆರಗು ಕತ್ತರಿಸ್ಬೇಕಿತ್ತು ಕಣೇ," ಎಂದ ನರಸಿಂಹ.

"ನೀವು ನೇಯ್ದ ಸೀರೆ. ಕೈ ಬರ್ಲಿಲ್ಲ."

ಅವಳು ಚೀಲದಿಂದ ಹುರಿ ತೆಗೆದಳು. ಗಂಟು ಹಾಗೇ ಇತ್ತು, ಬೇರೆ ಕಡೆ ಕತ್ತರಿಯ ಗುರುತು, ಒಂದೆಡೆ ಪಟ್ಟೆ ಬಟ್ಟೆಯ ಚೂರು. ನರಸಿಂಹ ಜೇಬಿಗೆ ಕೈಹಾಕಿ, ಜೋಡಿಸುವಾಗ ಬಿಚ್ಚಿ ಇಟ್ಟುಕೊಂಡಿದ್ದ ತನ್ನ ಹುರಿಯನ್ನು ತೆಗೆದ. ಇಡಿಯಾದ ಹುರಿ, ಅದೇ ಎಣ್ಣೆಯ ಕಲೆ, ಅದೇ ಪಟ್ಟೆ ಬಟ್ಟೆಯ ಚೂರು.

ಕಮಲಳೇ ಮತ್ತೆ ಪೋಣಿಸಿರಬಹುದೇ? ಕ್ರಮ ಅವಳಿಗೆ ಗೊತ್ತಿರಲಿಲ್ಲ. ನರಸಿಂಹ? ಶನಿವಾರ ಬೆಳಿಗ್ಗೆಯೆಲ್ಲ ನನ್ನ ಪಕ್ಕದಲ್ಲೇ ಇದ್ದ. ಮಾಲೆ ಚಾಪೆಯ ಮೇಲಿತ್ತೆಂಬ ನನ್ನ ನೆನಪೇ ಸುಳ್ಳಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಅಂದು ಮನೆಗೆ ಬಂದು ಆ ಅಂಗಿ ತೆಗೆದು ನೋಡಿದೆ. ತೋಳಿನಲ್ಲಿ ಹರಿದದ್ದು ಒಂದೇ ಕಡೆ. ಎರಡು ಚೂರುಗಳನ್ನೂ ಒಂದಾದ ಮೇಲೊಂದರಂತೆ ಆ ಹರುಕಿಗೆ ಇಟ್ಟು ನೋಡಿದೆ. ಎರಡೂ ಪಟ್ಟೆಗೆ ಪಟ್ಟೆ ಕೂಡಿ ಕುಳಿತವು.

ಆ ಅಂಗಿ ಇನ್ನೂ ನನ್ನ ಬಳಿ ಇದೆ. ಹೊಲಿಸಿಲ್ಲ. ಯಾವ ಚೂರನ್ನು ಹಾಕಿ ಹೊಲಿಸಬೇಕೆಂದು ಗೊತ್ತಾಗಿಲ್ಲ.